ಮೇಸ್ತ್ರಿ ಮರೆತಿರಲಿಲ್ಲ

ನಾನು ನಿಂತಿದ್ದು ಹೊಳಲ್ಕೆರೆಯಲ್ಲಿ, ಶಿವಮೊಗ್ಗದ ಕಡೆ ಹೋಗುವ ರಸ್ತೆಯ ಎಡಮಗ್ಗುಲಿಗೆ, ಮೇಸ್ತ್ರಿಯ ಬೈಕ್ ರಿಪೇರಿ ಶೆಡ್ಡಿನ ಮುಂದೆ. ಶಟರಿನಿಂದ ಮೂರು ಹೆಜ್ಜೆ ಆಚೆ, ಬೇವಿನ ಮರದ ನೆರಳಿನ ಅಂಚಿನಲ್ಲಿ. ಮಾರ್ಚ್ ತಿಂಗಳು, ಸೋಮವಾರ. ಹನ್ನೊಂದು ಗಂಟೆ ಹತ್ತು ನಿಮಿಷದಿಂದ ಹನ್ನೊಂದೂ ಮುಕ್ಕಾಲಿನವರೆಗೆ ಅಲ್ಲಿಂದ ಕದಲಲಿಲ್ಲ. ಮೊಬೈಲಿನಲ್ಲಿ ಹೊತ್ತು ನೋಡಿಕೊಂಡಿದ್ದೆ, ಆದ್ದರಿಂದ ಇದರಲ್ಲಿ ತಪ್ಪಿಲ್ಲ. ಶಟರ್ ಪೂರ್ತಿ ಇಳಿದಿತ್ತು. ಮೇಸ್ತ್ರಿ ಹೇಳಿದ್ದಕ್ಕೆ ಅದನ್ನು ಇಳಿಸಿದವನು ನಾನೇ. ಇಳಿಸುವಾಗ ಕೊನೆಯದಾಗಿ ಕಂಡಿದ್ದು, ಕುಕ್ಕರುಗಾಲಲ್ಲಿ ಕುಳಿತು ಇಂಜಿನ್ನಿನ ಕಡೆ ಬಾಗಿದ್ದ ಅವರ ಬಲಗಿವಿ.

ಆ ಕಿವಿಯ ಮುಂದೆ, ಕೆನ್ನೆಯ ಮೂಳೆ ಶುರುವಾಗುವಲ್ಲಿ, ಒಂದು ಕಪ್ಪು ಗುಳಿ ಇತ್ತು. ಹುಣಸೆಬೀಜ ಕೂರುವಷ್ಟು. ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಅಲ್ಲಿಗೆ ಒತ್ತಿ, ಅದರ ಮೊನೆಯನ್ನು ಇಂಜಿನ್ನಿಗೆ ಇಟ್ಟು, ಒಳಗಿನ ಸದ್ದನ್ನು ನಲವತ್ತು ವರ್ಷ ಕೇಳಿ ಕೇಳಿ ಆದ ಗುಳಿ. ಗ್ರೀಸು ಅದರೊಳಗೆ ಇಳಿದು ಚರ್ಮದ ಬಣ್ಣವೇ ಆಗಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಬಿಳಿ ಅಂಗಿ ತೊಟ್ಟು ಕುಳಿತಿದ್ದರೂ ಆ ಗುಳಿ ನೋಡಿ ಇವರು ಮೆಕ್ಯಾನಿಕ್ಕು ಎಂದು ಹೊಸಬರು ಗುರುತಿಸುತ್ತಿದ್ದರು.

ಊರಿಗೆಲ್ಲ ಅವರು ಮೇಸ್ತ್ರಿ. ನಾನೂ ಹಾಗೇ ಕರೆಯುತ್ತಿದ್ದೆ. ನನ್ನನ್ನು ಅವರು ‘ಡಿಪ್ಲೊಮಾ’ ಎನ್ನುತ್ತಿದ್ದರು. ಮೊದಲ ದಿನ ಗಾಡಿ ತಂದಾಗ, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ಉಸ್ತುವಾರಿ ನನ್ನದು ಎಂದು ಬೇಡದಿದ್ದರೂ ಹೇಳಿಕೊಂಡಿದ್ದೆ. “ಹೌದಾ? ಹಂಗಾದ್ರೆ ನೀನೇ ರಿಪೇರಿ ಮಾಡ್ಕಳಪ್ಪ, ನಾನು ನೋಡಿ ಕಲ್ತ್ಕಂತೀನಿ” ಎಂದು ಸ್ಪ್ಯಾನರು ನನ್ನ ಕೈಗೇ ಕೊಟ್ಟಿದ್ದರು. ಪಕ್ಕದ ಚಹಾದಂಗಡಿಯ ಗಂಗಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ನನ್ನದು ಚಿಕ್ಕ ಬೈಕು. ಡಾಂಬರು ರಸ್ತೆಗೂ ಸೈ, ಕಲ್ಲುಮಣ್ಣಿನ ದಾರಿಗೂ ಸೈ ಎನ್ನುವಂಥದ್ದು. ಎತ್ತರದ ಮಡ್‌ಗಾರ್ಡು, ಹಲ್ಲುಹಲ್ಲಿನ ಟೈರು. ಇನ್ನೊಬ್ಬರು ಓಡಿಸಿದ್ದನ್ನು ಕೊಂಡಿದ್ದೆ. ಹೊಸದುರ್ಗದ ಕಡೆಯ ಗುಡ್ಡಗಳಲ್ಲಿ ಫ್ಯಾನುಗಳ ಬುಡಕ್ಕೆ ಹೋಗಲು ಜೀಪು ತಿಣುಕುವ ಕಡೆಯೂ ಅದು ಹತ್ತುತ್ತಿತ್ತು.

ಒಮ್ಮೆ ಅಂಥ ಗುಡ್ಡದ ನೆತ್ತಿಯಲ್ಲಿ ಗಾಡಿ ಕೈಕೊಟ್ಟಿತು. ಒಂದು ಹೊಡೆತ ಹೊಡೆಯುವುದು, ಒಂದು ಬಿಡುವುದು. ಮಧ್ಯಾಹ್ನದ ಮೂರು ಗಂಟೆ, ನೀರಿನ ಬಾಟಲಿ ಖಾಲಿ. ಫೋನು ಮಾಡಿದೆ.

“ಏನಂತೈತೆ?”

“ಮಿಸ್ ಹೊಡೀತೈತೆ ಮೇಸ್ತ್ರಿ. ಕಾರ್ಬುರೇಟರ್‌ಗೆ ಕಸ ಬಂದಿರಬೇಕು.”

“ನಿನ್ನ ಕೇಳ್ಲಿಲ್ಲ, ಗಾಡಿನ ಕೇಳಿದ್ದು. ಫೋನು ಅದ್ರ ಹತ್ರ ಹಿಡಿ.”

ಹಿಡಿದೆ. ಹತ್ತು ಎಣಿಸುವಷ್ಟು ಹೊತ್ತು. ಮತ್ತೆ ಕಿವಿಗಿಟ್ಟಾಗ ಅವರು ಆಗಲೇ ಮಾತಾಡುತ್ತಿದ್ದರು: “...ಪ್ಲಗ್ಗಿನ ಕ್ಯಾಪು ಸಡ್ಲ ಆಗೈತೆ. ಟ್ಯಾಂಕಿನ ಕೆಳಗೆ ಕೈ ಹಾಕಿ ಒತ್ತು. ಎಡಗೈ ಹಾಕು. ಬಲಗೈ ಹಾಕಿದ್ರೆ ಪೈಪು ತಗ್ಲಿ ಸುಟ್ಕಂತೀಯ.” ಎಡಗೈ ಹಾಕಿ ಒತ್ತಿದೆ. ಟಕ್ ಎಂದು ಕೂತಿತು. ಗಾಡಿ ಸರಿಹೋಯಿತು. ಅಲ್ಲಿಂದ ಹೊಳಲ್ಕೆರೆಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು. ಆ ದಿನದಿಂದ ಅವರ ಕಿವಿಯ ಮೇಲೆ ನನಗೆ ಎಂಥ ನಂಬಿಕೆ ಬಂತೆಂದರೆ, ನನ್ನ ಕಣ್ಣಿನ ಮೇಲೂ ಅಷ್ಟಿರಲಿಲ್ಲ.

ಇಂಥ ಕಿವಿಗೆ ರಸ್ತೆಯ ಸದ್ದು ಶತ್ರು. ಅದಿರಿನ ಲಾರಿ, ಕಬ್ಬಿಣದ ಲಾರಿ, ಬಸ್ಸು ಒಂದರ ಹಿಂದೆ ಒಂದು. ಹಾಗಾಗಿ ಗಾಡಿ ಟ್ಯೂನ್ ಮಾಡುವಾಗ ಮೇಸ್ತ್ರಿ ಶಟರ್ ಇಳಿಸಿಬಿಡುತ್ತಿದ್ದರು. ಗಿರಾಕಿ ಆಚೆ ನಿಲ್ಲಬೇಕು. ಒಳಗೆ ಅವರು, ಗಾಡಿ, ಒಂದು ಟ್ಯೂಬ್‌ಲೈಟು. ಆದರೆ ಅದಕ್ಕೆ ಮೊದಲು ಮಾಡುವ ಕೆಲಸ ಒಂದಿತ್ತು. ಶೆಡ್ಡಿನ ಹಿಂದೆ ಆಚೆಗೆ ತೆರೆಯುವ ತಗಡಿನ ಬಾಗಿಲು. ಅದನ್ನು ಪೂರ್ತಿ ತೆರೆದು, ಗೋಡೆಗೆ ಒರಗಿಸಿ, ಗಾಳಿಗೆ ಮುಚ್ಚಿಕೊಳ್ಳದಂತೆ ಹಳೆಯ ರುಬ್ಬುಗುಂಡೊಂದನ್ನು ಅದಕ್ಕೆ ಅಡ್ಡ ಇಡುವುದು. ಇಟ್ಟು, ಕಾಲಿನಿಂದ ಒಮ್ಮೆ ಒದ್ದು ನೋಡುವುದು. ಆಮೇಲೆಯೇ ಶಟರ್.

“ಮುಂದೆ ಮುಚ್ಚಿದ್ರೆ ಹಿಂದೆ ತೆಗೀಬೇಕು ಕಣಪ್ಪ. ಹೆಗ್ಗಣದ ಬಿಲಕ್ಕೆ ಹೊಗೆ ಹಾಕದು ನೋಡಿದೀಯಾ? ಎಲ್ಡು ತೂತಿನಾಗೆ ಒಂದು ಮುಚ್ಚಿಬಿಟ್ರೆ ಸಾಕು, ಹೆಗ್ಗಣದ ಕತೆ ಮುಗೀತು. ನಾನು ಹೆಗ್ಗಣ ಆಗಕೆ ತಯಾರಿಲ್ಲ” ಎನ್ನುತ್ತಿದ್ದರು. ಇದು ಅವರ ನಲವತ್ತು ವರ್ಷದ ರೂಲು. ಅವರ ಕೈಯಲ್ಲಿ ಕೆಲಸ ಕಲಿತು ಚಿತ್ರದುರ್ಗ, ಹಿರಿಯೂರು, ಚಿಕ್ಕಜಾಜೂರಿನಲ್ಲಿ ಸ್ವಂತ ಶೆಡ್ಡು ಹಾಕಿದವರೆಲ್ಲ ಮೊದಲು ಕಲಿತದ್ದು ಈ ರೂಲನ್ನೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಗಾಡಿಯ ಹೊಗೆಯನ್ನು ಸ್ವಚ್ಛ ಮಾಡಲು ಕಂಪನಿಯವರು ಒಂದಿಷ್ಟು ಸಾಮಾನು ಹಾಕಿರುತ್ತಾರೆ. ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಪೈಪಿನ ಹೊಟ್ಟೆಯಲ್ಲಿ ಜೇನುಹುಟ್ಟಿನಂಥ ಒಂದು ತುಂಡು. ಟ್ಯಾಂಕಿನ ಪೆಟ್ರೋಲಿನ ಆವಿ ಗಾಳಿಗೆ ಹೋಗದಂತೆ ಹೀರಿಕೊಳ್ಳುವ ಇದ್ದಿಲ ಡಬ್ಬಿ. ಇವನ್ನು ಕಿತ್ತರೆ ಗಾಡಿಗೆ ಜೀವ ಬರುತ್ತದೆ, ಎಳೆತ ಹೆಚ್ಚುತ್ತದೆ, ಸದ್ದು ಗಂಡಾಗುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿದ್ದೆ. ಒಂದಲ್ಲ, ಇಪ್ಪತ್ತೋ ಮೂವತ್ತೋ. ಮೇಸ್ತ್ರಿಗೆ ಹೇಳಿದೆ.

ಅವರು ಚಹಾ ಲೋಟ ಕೆಳಗಿಟ್ಟರು.

“ಇದನ್ನ ಇಟ್ಟೋನು ದಡ್ಡ ಅಂತ ನಿಂಗೆ ಯಾರು ಹೇಳಿದ್ರು?”

“ದಡ್ಡ ಅಂತಲ್ಲ ಮೇಸ್ತ್ರಿ. ಸರ್ಕಾರದ ರೂಲು, ಅದಕ್ಕೆ ಹಾಕ್ತಾರೆ.”

“ಹೆಲ್ಮೆಟ್ಟೂ ಸರ್ಕಾರದ ರೂಲೇ. ತಲೆ ಮಾತ್ರ ನಿಂದು.” ಗಂಗಮ್ಮನ ಕಡೆ ತಿರುಗಿ, “ಕೇಳವ್ವ, ಡಿಪ್ಲೊಮಾ ಓದಿದೋರು ಹಿಂಗಂತಾರೆ” ಎಂದರು. ಮತ್ತೆ ನನಗೆ, “ಆ ಜೇನುಹುಟ್ಟು ಏನು ಕೆಲ್ಸ ಮಾಡ್ತೈತೆ, ಹೇಳು ನೋಡಾಣ.”

ಹೇಳಿದೆ. ಪಾಠ ಒಪ್ಪಿಸಿದಂತೆ ಹೇಳಿದೆ. ಪೆಟ್ರೋಲು ಅರೆಬರೆ ಸುಟ್ಟಾಗ ವಿಷದ ಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆ ತುಂಡು ಅದನ್ನು ಒಳಗೇ ಸುಟ್ಟು ನಿರಪಾಯ ಮಾಡುತ್ತದೆ ಎಂದು. ಈ ಮಾತು ನನ್ನ ಬಾಯಿಂದಲೇ ಬಂದಿದೆ. ಇದನ್ನು ಯಾರೂ ನನಗೆ ಆಮೇಲೆ ಕಲಿಸಬೇಕಾಗಿರಲಿಲ್ಲ.

“ಎಲ್ಲಾ ಗೊತ್ತೈತೆ. ಗೊತ್ತಿದ್ದೂ ಕೀಳು ಅಂತೀಯಲ್ಲ, ನಿನ್ನ ಪಾಸು ಮಾಡ್ದೋರು ಯಾರಪ್ಪ?” ಎಂದು ಎದ್ದುಹೋದರು.

ಒಂದು ತಿಂಗಳಲ್ಲಿ ಮೂರು ಸಲ ಕೇಳಿದೆ. ಗುಡ್ಡ ಹತ್ತುವಾಗ ಗಾಡಿ ಉಸಿರು ಬಿಡುತ್ತದೆ ಎಂದೆ. ಆ ಪೈಪಿನ ಕಾವಿಗೆ ಕಾಲು ಸುಡುತ್ತದೆ ಎಂದು ಮೀನಖಂಡದ ಮೇಲಿನ ಕಲೆಯನ್ನು ತೋರಿಸಿದೆ. ಕಲೆ ನಿಜ. ಗುಡ್ಡ ಹತ್ತದ ಮಾತು ಸುಳ್ಳು. ಗಾಡಿ ಚೆನ್ನಾಗಿಯೇ ಹತ್ತುತ್ತಿತ್ತು. ನನಗೆ ಬೇಕಾಗಿದ್ದು ಸದ್ದು. ಭಾನುವಾರಗಳಂದು ವಾಣಿವಿಲಾಸ ಸಾಗರದ ಕಡೆ ಹೋಗುವ ನಮ್ಮ ನಾಲ್ಕು ಜನರ ಗುಂಪಿನಲ್ಲಿ ನನ್ನ ಗಾಡಿಯ ಸದ್ದೇ ಸಪ್ಪೆ. ಅಷ್ಟೇ ಕಾರಣ. ಮೂವತ್ನಾಲ್ಕು ವರ್ಷದವನಿಗೆ ಅಷ್ಟೇ ಕಾರಣ ಸಾಕಾಗಿತ್ತು.

ಮೂರನೆಯ ಸಲ ಅವರು ಒಲ್ಲೆ ಎಂದಾಗ, “ಹೋಗ್ಲಿ ಬಿಡ್ರಿ, ದಾವಣಗೆರೆಯಲ್ಲಿ ಮಾಡಿಕೊಡ್ತಾರಂತೆ” ಎಂದೆ. ಇದು ಅವರಿಗೆ ನಾಟುತ್ತದೆಂದು ನನಗೆ ಗೊತ್ತಿತ್ತು. ನಾಟಿತು.

“ಅವ್ರು ಅಡ್ಡಾದಿಡ್ಡಿ ಕುಯ್ದು, ವೆಲ್ಡಿಂಗು ನೆಟ್ಟಗೆ ಮಾಡ್ದೆ, ನಾಳೆ ಗುಡ್ಡದ ಮೇಲೆ ಪೈಪು ಉದುರಿ ಬಿದ್ರೆ ಮತ್ತೆ ನಂಗೇ ಫೋನು ಮಾಡ್ತೀಯ. ಶನಿವಾರ ಬಿಟ್ಟೋಗು.”

ಶನಿವಾರ ಪೈಪನ್ನು ಕೊಯ್ದರು. ಒಳಗಿನ ತುಂಡನ್ನು ಹೊರಗೆಳೆದು, ಗೋಡೆ ಬದಿಗೆ ಬಡಿದು ಮಸಿ ಉದುರಿಸಿ, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ನನಗೂ ನೋಡು ಎಂದರು. ಸಾಸಿವೆಯಂಥ ಸಾವಿರ ತೂತುಗಳ ಆಚೆ ಬೆಳಕು. “ಬರೀ ತೂತು. ಬರೀ ತೂತಿಗೋಸ್ಕರ ಯಾರಾದ್ರೂ ಇಷ್ಟು ಕಷ್ಟ ಬೀಳ್ತಾರಾ?” ಎಂದರು. ಅದನ್ನೂ ಇದ್ದಿಲ ಡಬ್ಬಿಯನ್ನೂ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಕಿತ್ತಿದ್ದು ಯಾವುದನ್ನೂ ಅವರು ಇಟ್ಟುಕೊಳ್ಳುತ್ತಿರಲಿಲ್ಲ. “ಇದು ನಿಂದು. ತಗಂಡೋಗು. ಬುದ್ಧಿ ಬಂದಾಗ ಬೇಕಾಗ್ತೈತೆ.”

ಸೋಮವಾರ ಟ್ಯೂನಿಂಗ್ ಉಳಿದಿತ್ತು. ಹೊಗೆ ಸಲೀಸಾಗಿ ಆಚೆ ಹೋಗತೊಡಗಿದ್ದರಿಂದ ಗಾಡಿ ಪಟಪಟ ಸಿಡಿಯುತ್ತಿತ್ತು. ಪೆಟ್ರೋಲು ಹೆಚ್ಚು ಕೊಡಬೇಕು, ಎಷ್ಟು ಎಂಬುದನ್ನು ಸದ್ದು ಕೇಳಿಯೇ ಗೊತ್ತುಮಾಡಬೇಕು. ಮೇಸ್ತ್ರಿ ಹಿಂದಿನ ಬಾಗಿಲು ತೆರೆದರು. ರುಬ್ಬುಗುಂಡು ಇಟ್ಟರು. ಕಾಲಿನಿಂದ ಒದ್ದು ನೋಡಿದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹಳೆಯ ಟೈರುಗಳ ರಾಶಿಯ ಪಕ್ಕ ನಿಂತಿದ್ದೆ. ಆಮೇಲೆ ಅವರು ಗಾಡಿಯ ಹತ್ತಿರ ಬಂದು, ಬಾಗಿಲಿಗೆ ಬೆನ್ನು ಮಾಡಿ ಕುಳಿತು, “ಇಳ್ಸಪ್ಪ” ಎಂದರು. ನಾನು ಆಚೆ ಬಂದು ಶಟರ್ ಇಳಿಸಿದೆ. ಗಾಡಿ ಚಾಲೂ ಆಯಿತು.

ಹನ್ನೊಂದು ದಾಟಿ ಎರಡು ನಿಮಿಷವಾಗಿರುವಾಗ ಪಕ್ಕದ ಓಣಿಯಿಂದ ಹೈಸ್ಕೂಲಿನ ಜವಾನ ತಿಪ್ಪೇಸ್ವಾಮಿ ಓಡುತ್ತಲೇ ಬಂದರು. ಶೆಡ್ಡಿನ ಬೆನ್ನಿಗೇ ಶಾಲೆ. ಅವತ್ತು ಹತ್ತನೇ ಕ್ಲಾಸಿನ ಪರೀಕ್ಷೆ.

“ಸಾರ್, ಸ್ವಲ್ಪ ನಿಲ್ಲಿಸ್ರಿ ಸಾರ್. ಆ ಹಿಂದಿನ ಬಾಗ್ಲಿಂದ ಸದ್ದು ಸೀದಾ ನಮ್ ರೂಮಿಗೇ ಬರ್ತೈತೆ. ಹುಡುಗ್ರು ಲೆಕ್ಕದ ಪೇಪರು ಬರೀತಾವ್ರೆ. ಸೂಪರ್‌ವೈಸರ್ ಮೇಡಂ ನನ್ನ ಬೈತಾವ್ರೆ.”

ಇದಕ್ಕೆ ಒಂದೇ ಉತ್ತರವಿತ್ತು. ಶಟರ್ ತಟ್ಟಿ, ಮೇಸ್ತ್ರಿ, ಈಗ ಬೇಡ, ಪರೀಕ್ಷೆ ಮುಗಿದ ಮೇಲೆ ಮಾಡೋಣ ಎನ್ನುವುದು. ಅವರು ಒಪ್ಪುತ್ತಿದ್ದರು. ಆದರೆ ಮಧ್ಯಾಹ್ನ ನಾನು ಗುಡ್ಡಕ್ಕೆ ಹೋಗಬೇಕಿತ್ತು. ಹೊಸ ಸದ್ದಿನ ಗಾಡಿಯಲ್ಲೇ ಹೋಗಬೇಕಿತ್ತು. “ಬರ್ರಿ, ಒಂದು ವ್ಯವಸ್ಥೆ ಮಾಡಾಣ” ಎಂದು ಅವರ ಜೊತೆ ಓಣಿಯಲ್ಲಿ ಹಿಂದಕ್ಕೆ ಹೋದೆ.

ಬಾಗಿಲು ತೆರೆದಿತ್ತು, ಗುಂಡು ಅದರ ಜಾಗದಲ್ಲಿತ್ತು. ಟೈರಿನ ರಾಶಿ ಅಡ್ಡವಿದ್ದುದರಿಂದ ಆ ಕಡೆಯಿಂದ ಮೇಸ್ತ್ರಿಗೆ ನಾವು ಕಾಣುತ್ತಿರಲಿಲ್ಲ. ನನಗೆ ಅವರ ಬೆನ್ನಿನ ಒಂದು ಚೂರು ಕಾಣುತ್ತಿತ್ತು, ಇಂಜಿನ್ನಿನ ಸದ್ದಿನಲ್ಲೇ ಮುಳುಗಿ ಬಾಗಿದ್ದರು. ಗುಂಡನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದೆ. ಬಾಗಿಲು ಮುಚ್ಚಿದೆ. ಸುಮ್ಮನೆ ಮುಚ್ಚಿದರೆ ಅದು ನಿಲ್ಲುತ್ತಿರಲಿಲ್ಲ, ತಾನಾಗಿ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಹೊರಗಿನ ಚಿಲಕ ಹಾಕಿದೆ. ಒಳಗೆ ಕೂಗಿ ಹೇಳಲಿಲ್ಲ. ಐದು ನಿಮಿಷದ ಮಾತು ಎಂದುಕೊಂಡೆ. ಆಗ ಹನ್ನೊಂದು ಗಂಟೆ ಐದು ನಿಮಿಷ.

ಸದ್ದು ಅರ್ಧಕ್ಕರ್ಧ ತಗ್ಗಿತು. ತಿಪ್ಪೇಸ್ವಾಮಿ ಕೈ ಮುಗಿದರು. “ಪುಣ್ಯಾತ್ಮರು ಸಾರ್ ನೀವು. ನನ್ ಮರ್ಯಾದೆ ಉಳೀತು” ಎಂದು ಶಾಲೆಗೆ ಹೋದರು. ನಾನು ಓಣಿ ಸುತ್ತಿ ಮುಂದಕ್ಕೆ ಬಂದು ಬೇವಿನ ನೆರಳಲ್ಲಿ ನಿಂತೆ.

ನಿಂತು ಏನು ಮಾಡಿದೆ ಎಂದರೆ, ಸದ್ದು ಕೇಳಿದೆ. ಮೇಸ್ತ್ರಿ ಆಕ್ಸಿಲರೇಟರ್ ಏರಿಸುವುದು, ಇಳಿಸುವುದು, ಸ್ಕ್ರೂ ಅರ್ಧ ಸುತ್ತು ತಿರುಗಿಸುವುದು, ಮತ್ತೆ ಏರಿಸುವುದು. ಸಿಡಿತ ಒಂದೊಂದೇ ಕಳೆದುಹೋಗಿ ಗಾಡಿ ಗುಡುಗುಟ್ಟತೊಡಗಿತು. ಎಂಥ ಸದ್ದು ಎನಿಸಿತು. ಮೊಬೈಲು ತೆಗೆದು ಒಂದು ನಿಮಿಷದಷ್ಟು ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸಿದೆ. ಹೊತ್ತು ಇಷ್ಟು ಸರಿಯಾಗಿ ಗೊತ್ತಿರುವುದು ಅದರಿಂದಲೂ. ಹಿಂದಿನ ಬಾಗಿಲು ಮುಚ್ಚಿದೆ ಎಂಬುದು ಆ ಹೊತ್ತಿನಲ್ಲಿ ಎರಡು ಸಲ ನೆನಪಿಗೆ ಬಂತು. ಮೊದಲ ಸಲ, ಇನ್ನೇನು ಮುಗಿಯುತ್ತದೆ ಎಂದುಕೊಂಡೆ. ಎರಡನೆಯ ಸಲ, ತೆರೆದರೆ ತಿಪ್ಪೇಸ್ವಾಮಿ ಮತ್ತೆ ಬರುತ್ತಾರೆ ಎಂದುಕೊಂಡೆ. ಮರೆತುಹೋಗಿತ್ತು ಎನ್ನಲು ನನಗೆ ದಾರಿಯಿಲ್ಲ.

ಹನ್ನೊಂದೂವರೆಯಿಂದ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದೇ ಸಮ. ಆಹಾ, ಹಿಡಿದುಬಿಟ್ಟರು, ಈಗ ಕಿವಿಯಿಟ್ಟು ಕೇಳುತ್ತಿದ್ದಾರೆ ಎಂದುಕೊಂಡೆ.

ಮುಕ್ಕಾಲಿಗೆ ಗಂಗಮ್ಮ ಚಹಾ ತಂದರು. ಶಟರ್ ತಟ್ಟಿದರು. “ಮೇಸ್ತ್ರೀ, ಚಾ ಆರ್ತೈತೆ.” ಇನ್ನೊಮ್ಮೆ ತಟ್ಟಿದರು. ನನ್ನ ಮುಖ ನೋಡಿದರು. “ಏನಪ್ಪ, ಓಗೊಡ್ತಿಲ್ಲ?”

ಇಬ್ಬರೂ ಸೇರಿ ಶಟರ್ ಎತ್ತಿದೆವು. ಮೇಸ್ತ್ರಿ ಗಾಡಿಯ ಪಕ್ಕ ಎಡಮಗ್ಗುಲಿಗೆ ಬಿದ್ದಿದ್ದರು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಮುಖ ಬಿಳಿಚಿರಲಿಲ್ಲ. ಜ್ವರ ಏರಿದವರ ಹಾಗೆ, ಆರೋಗ್ಯವಂತರ ಹಾಗೆ ಕೆಂಪಗಿತ್ತು. ಅದನ್ನು ನೋಡಿ ಒಂದು ಕ್ಷಣ ನನಗೆ ಧೈರ್ಯವೂ ಬಂತು. ಗಾಡಿ ಓಡುತ್ತಲೇ ಇತ್ತು. ಆರಿಸಿದೆ. ಇಬ್ಬರೂ ತೋಳು ಹಿಡಿದು ರಸ್ತೆಯವರೆಗೆ ಎಳೆದೆವು. ಉಸಿರಿತ್ತು.

“ಹಿಂದಿನ ಬಾಗ್ಲು ಮುಚ್ಚೈತಲ್ಲೋ!” ಎಂದರು ಗಂಗಮ್ಮ.

ನಾನು ಓಣಿಯಲ್ಲಿ ಓಡಿಹೋಗಿ ಚಿಲಕ ತೆಗೆದು ಬಾಗಿಲು ತೆರೆದೆ. ಒಳಗಿನ ಗಾಳಿ ಆಚೆ ಹೋಗಲಿ ಎಂದು ತೆರೆದೆ. ಚಿಲಕ ಹಾಕಿದ್ದು ಬೇರೆಯವರಿಗೆ ಕಾಣದಿರಲಿ ಎಂದೂ ತೆರೆದೆ. ಎರಡೂ ನಿಜ. ಯಾವುದು ಎಷ್ಟು ಎಂದು ಕೇಳಿದರೆ ಹೇಳಲಾರೆ. ಮುಂದೆ ಬರುವ ಹೊತ್ತಿಗೆ ಹತ್ತು ಜನ ಸೇರಿದ್ದರು, ಗಂಗಮ್ಮ ಹೇಳುತ್ತಿದ್ದರು: “ಎಲ್ಡೂ ಮುಚ್ಕಂಡು ಕುಂತವ್ರೆ ನೋಡ್ರಿ. ಮೇಸ್ತ್ರಿ ಮರ್ತುಬಿಟ್ಟವ್ರೆ.” ನಾನು ಬಾಯಿ ತೆರೆಯಲಿಲ್ಲ. ಅಲ್ಲಿ ತೆರೆಯದ ಬಾಯಿ ಆಮೇಲೆ ತೆರೆಯುವುದು ಕಷ್ಟವಾಗುತ್ತಾ ಹೋಯಿತು.

ಚಿತ್ರದುರ್ಗಕ್ಕೆ ಕರೆದೊಯ್ದೆವು. ಡಾಕ್ಟರು ಗಾಡಿಯ ಹೊಗೆಯ ವಿಷದ ಗ್ಯಾಸು ಎಂದೇ ಹಿಡಿದರು, ಆಮ್ಲಜನಕ ಕೊಟ್ಟರು. ನಾಲ್ಕನೆಯ ದಿನ ಮೇಸ್ತ್ರಿ ನಡೆದುಕೊಂಡೇ ಮನೆಗೆ ಬಂದರು. ಗಂಡಾಂತರ ಕಳೆಯಿತು ಎಂದು ನಾವೆಲ್ಲ ಅಂದುಕೊಂಡೆವು. ಆ ಸೋಮವಾರ ಬೆಳಗಿನದು ಮಾತ್ರ ಅವರಿಗೆ ಒಂದೂ ನೆನಪಿರಲಿಲ್ಲ. ಮನೆಯಲ್ಲಿ ತಿಂಡಿ ತಿಂದದ್ದು ಗೊತ್ತು, ಆಸ್ಪತ್ರೆಯಲ್ಲಿ ಕಣ್ಣುಬಿಟ್ಟದ್ದು ಗೊತ್ತು. ನಡುವಿನದು ಏನಾಯಿತೆಂದು ಕಂಡವರನ್ನೆಲ್ಲ ಕೇಳಿದರು. ಕಂಡವರೆಲ್ಲ ಹೇಳಿದರು: ನೀವು ಹಿಂದಿನ ಬಾಗಿಲು ತೆರೆಯುವುದನ್ನು ಮರೆತಿರಿ. ನನ್ನನ್ನೂ ಕೇಳಿದರು.

“ನಾನು ಗುಂಡು ಇಡ್ಲಿಲ್ವೇನಪ್ಪ?”

ನಾನು, “ನಾನು ಮುಂದಿದ್ದೆ ಮೇಸ್ತ್ರಿ” ಎಂದೆ.

ಮೂರು ವಾರ ಸರಿಯಾಗಿದ್ದರು. ಆಮೇಲೆ ಕೈ ನಡುಗಲು ಶುರುವಾಯಿತು. ಹದಿನಾಲ್ಕರ ಸ್ಪ್ಯಾನರು ಕೇಳಬೇಕಾದಲ್ಲಿ ‘ಅದು, ಅದು’ ಎನ್ನುತ್ತಿದ್ದರು. ಈ ಗ್ಯಾಸು ಹಾಗೆಯೇ, ಹೋದಂತೆ ಹೋಗಿ ಹಿಂದಿನಿಂದ ಬರುತ್ತದೆ ಎಂದರು ಡಾಕ್ಟರು. ಒಂದು ದಿನ ನಾನಿರುವಾಗಲೇ ಪರಿಚಯದ ರೈತರೊಬ್ಬರು ಗಾಡಿ ತಂದರು. ಮೇಸ್ತ್ರಿ ಹಿಡಿಯನ್ನು ಕಿವಿಯ ಮುಂದಿನ ಗುಳಿಗೆ ಒತ್ತಿ ತುಂಬ ಹೊತ್ತು ಕುಳಿತರು. ರೈತರು, “ಏನಂತೈತೆ ಮೇಸ್ತ್ರಿ?” ಎಂದರು.

“ಕೇಳಿಸ್ತೈತೆ” ಎಂದರು ಮೇಸ್ತ್ರಿ. ಮತ್ತೆ ಒತ್ತಿದರು. “ಚೆನ್ನಾಗಿ ಕೇಳಿಸ್ತೈತೆ ಕಣಪ್ಪ. ಏನು ಹೇಳ್ತೈತೆ ಅಂತ ಮಾತ್ರ ಗೊತ್ತಾಗ್ತಿಲ್ಲ.”

ಅದೇ ವಾರ ಶಟರ್ ಇಳಿಸಿದರು. ಮತ್ತೆ ಎತ್ತಲಿಲ್ಲ.

ಭಾನುವಾರಗಳ ತಿರುಗಾಟ ಬಿಟ್ಟು ನಾನು ಅವರ ಮನೆಗೆ ಹೋಗತೊಡಗಿದೆ. ಔಷಧಿ ತಂದುಕೊಡುತ್ತಿದ್ದೆ, ಕ್ಷೌರಕ್ಕೆ ಕರೆದೊಯ್ಯುತ್ತಿದ್ದೆ. ‘ಸ್ವಂತ ಮಗನ ಹಂಗೆ ನೋಡ್ಕಂತೈತೆ ಹುಡುಗ’ ಎಂದು ಮೇಸ್ತ್ರಿಯ ಹೆಂಡತಿ ಬಂದವರಿಗೆ ಹೇಳುವುದನ್ನು ಕೇಳಿಸಿಕೊಂಡು ಕುಳಿತಿರುತ್ತಿದ್ದೆ. ಅವರ ಹಳೆಯ ಶಿಷ್ಯರು ನೋಡಲು ಬರುತ್ತಿದ್ದರು. ಪ್ರತಿಯೊಬ್ಬರಿಗೂ ಮೇಸ್ತ್ರಿ ಅದನ್ನೇ ಹೇಳುವರು. “ನಿಮಗೆ ಹೇಳ್ಕೊಟ್ಟೆ, ನಾನು ಮರ್ತೆ. ನೀವು ಮರೀಬ್ಯಾಡ್ರಿ.” ಹೇಳುವಾಗ ತಲೆ ತಗ್ಗಿಸುತ್ತಿದ್ದರು. ಅವರಿಗೆ ಕಾಯಿಲೆಗಿಂತ ಅದೇ ದೊಡ್ಡದಾಗಿತ್ತು. ನಲವತ್ತು ವರ್ಷ ಕಾಯ್ದ ರೂಲನ್ನು ತಾನೇ ಮುರಿದೆ ಎಂಬ ನಾಚಿಕೆ. ನಾನು ಒಂದು ಮಾತು ಹೇಳಿದ್ದರೆ ಆ ತಲೆ ಮೇಲೇಳುತ್ತಿತ್ತು.

ಒಮ್ಮೆ ಹೇಳಲೆಂದೇ ಹೋದೆ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರು ಜಗಲಿಯಲ್ಲಿದ್ದರು, ಬೇರೆ ಯಾರೂ ಇರಲಿಲ್ಲ.

“ಮೇಸ್ತ್ರಿ, ಅವತ್ತು ಬಾಗ್ಲು...” ಎಂದೆ. 

ಅವರು ನನ್ನ ಮೊಣಕಾಲ ಮೇಲೆ ನಡುಗುವ ಕೈ ಇಟ್ಟರು. “ಬಿಡೋ ಡಿಪ್ಲೊಮಾ. ಗಾಡಿ ನಿಂದು ಅಂತ ಕೊರಗ್ತೀಯಲ್ಲ? ನಂಗೆ ಗೊತ್ತಾಗ್ತೈತೆ. ನಿನ್ ತಪ್ಪು ಏನೈತೆ ಅದ್ರಾಗೆ? ಗಾಡಿ ಯಾರದಾದ್ರೇನು, ಬಾಗ್ಲು ತೆಗೀಬೇಕಾದೋನು ನಾನು.”

ನಾನು ಅತ್ತೆ. ಅವರು ಸಮಾಧಾನ ಮಾಡಿದರು. ಆ ಸಮಾಧಾನವನ್ನು ತೆಗೆದುಕೊಂಡು ಮನೆಗೆ ಬಂದೆ. ನಾನು ಮಾಡಿದ್ದರಲ್ಲಿ ಇದಕ್ಕಿಂತ ಕೀಳಾದದ್ದು ಇನ್ನೊಂದಿಲ್ಲ. ಬಾಗಿಲು ಮುಚ್ಚಿದ್ದು ತಿಳಿಗೇಡಿತನ. ಇದು ಹಾಗಲ್ಲ.

ಮರುವರ್ಷ ಕಾರ್ತಿಕದಲ್ಲಿ ಮೇಸ್ತ್ರಿ ತೀರಿಕೊಂಡರು. ನಿದ್ದೆಯಲ್ಲೇ ಹೋದರು. ಮಣ್ಣಿಗೆ ಒಯ್ಯುವಾಗ ನಾನೂ ಹೆಗಲು ಕೊಟ್ಟೆ.

ಅವರು ಹೋದ ಮೇಲೂ ನಾನು ಹೇಳುತ್ತಿದ್ದೆನೋ ಇಲ್ಲವೋ. ಹೇಳುವಂತೆ ಮಾಡಿದ್ದು ಹಿರಿಯೂರಿನ ಒಬ್ಬ ಮೆಕ್ಯಾನಿಕ್. ಪೇಪರಿನಲ್ಲಿ ಸುತ್ತಿದ್ದ ಆ ಜೇನುಹುಟ್ಟನ್ನು ಗಾಡಿಗೆ ಮತ್ತೆ ಕೂರಿಸೋಣ ಎನಿಸಿತು. ಹೊಳಲ್ಕೆರೆಯಲ್ಲಿ ಯಾರ ಬಳಿಯೂ ಹೋಗಲು ಮುಖವಿರಲಿಲ್ಲ. ಹಿರಿಯೂರಿಗೆ ಹೋದೆ. ಮೂವತ್ತರ ಒಳಗಿನ ಮೆಕ್ಯಾನಿಕ್. ನನ್ನನ್ನು ನೋಡಿದವನಲ್ಲ. ಪೈಪು ಸೇರಿಸಿ, ಗಾಡಿಯನ್ನು ತಳ್ಳಿಕೊಂಡು ಬಯಲಿಗೆ ಹೋದ.

“ಒಳಗೇ ಮಾಡಬಹುದಲ್ಲ?” ಎಂದೆ.

“ಅಯ್ಯೋ, ಬ್ಯಾಡ ಸಾರ್. ಹೊಳಲ್ಕೆರೇಲಿ ಒಬ್ರು ಮೇಸ್ತ್ರಿ ಇದ್ರಂತೆ. ಭಾರಿ ಕೆಲಸಗಾರ್ರು. ಕಿವಿಯಾಗೇ ಗಾಡಿ ನೋಡೋರಂತೆ. ವಯಸ್ಸಾಗಿತ್ತು, ಮರೆವು. ಎಲ್ಡೂ ಬಾಗ್ಲು ಹಾಕ್ಕಂಡು ಇಂಜಿನ್ ಬಿಟ್ಕಂಡು ಕುಂತ್ರಂತೆ. ನಮ್ ಗುರುಗಳು ಹೇಳ್ತಿರ್ತಾರೆ, ‘ಹೊಳಲ್ಕೆರೆ ಮೇಸ್ತ್ರಿ ಆಗಬ್ಯಾಡ್ರೋ’ ಅಂತ.”

ಮೇಸ್ತ್ರಿಯ ಹೆಸರು ಉಳಿದಿತ್ತು. ಉಳಿದದ್ದು ಹೀಗೆ. ಪ್ಲಗ್ಗಿನ ಕ್ಯಾಪು ಸಡಿಲಾದುದನ್ನು ಫೋನಿನಲ್ಲಿ ಕೇಳಿ ಹೇಳಿದವರು, ಮೂರು ತಾಲ್ಲೂಕಿಗೆ ಮರೆವಿನ ಮುದುಕನಾಗಿ ಉಳಿದರು.

ಅಲ್ಲೇ ಆ ಬಯಲಿನಲ್ಲಿ ನಿಂತು ಆ ಮೆಕ್ಯಾನಿಕ್ಕಿಗೆ ಹೇಳಿದೆ. ಅವರು ಮರೆತಿರಲಿಲ್ಲ, ಬಾಗಿಲು ತೆರೆದು ಗುಂಡು ಇಟ್ಟಿದ್ದರು, ಅದನ್ನು ಸರಿಸಿ ಚಿಲಕ ಹಾಕಿದವನು ನಾನು ಎಂದು. ಅವನು ಸ್ಪ್ಯಾನರು ಹಿಡಿದುಕೊಂಡೇ ನನ್ನನ್ನು ನೋಡಿದ. 

ಅಲ್ಲಿಂದ ಸೀದಾ ಮೇಸ್ತ್ರಿಯ ಮನೆಗೆ ಬಂದೆ. ಅವರ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಹೇಳಿದೆ, ಹೊತ್ತು ಸಮೇತ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮೊರದಲ್ಲಿದ್ದುದೆಲ್ಲ ಮುಗಿದ ಮೇಲೆ ಕೈ ಒರೆಸಿಕೊಂಡರು.

“ನನ್ನ ಹತ್ರ ಯಾಕೆ ಹೇಳ್ತೀಯಪ್ಪ? ಅವ್ರು ಒಂದೂವರೆ ವರ್ಷ ಇದ್ರಲ್ಲ.”

ಎದ್ದು ಒಳಗೆ ಹೋದರು. ಆಮೇಲೆ ಆ ಮನೆಗೆ ನಾನು ಹೋಗಿಲ್ಲ.

ಹೋದ ತಿಂಗಳು ತಾಳ್ಯಕ್ಕೆ ಹೋಗಿದ್ದೆ. ತಿಪ್ಪೇಸ್ವಾಮಿ ನಿವೃತ್ತರಾಗಿ ತಮ್ಮ ಊರಿನಲ್ಲಿದ್ದಾರೆ. ಗುರುತು ಹಿಡಿದರು, “ಬರ್ರಿ ಸಾರ್, ಕುಂತ್ಕಳ್ರಿ” ಎಂದರು. ನಾನು ಬಂದ ಕಾರಣ ಹೇಳಿದೆ.

“ನಾನೂ ಹೇಳ್ಲಿಲ್ಲ ಸಾರ್. ಸದ್ದು ಮಾಡಬ್ಯಾಡ್ರಿ ಅಂದೋನು ನಾನೇ ಅಲ್ವಾ? ನನ್ ಮೇಲೂ ಬರ್ತೈತೆ ಅಂತ ಹೆದ್ರಿಕೆ. ನೀವು ಹೇಳ್ತೀರಿ ಅಂತ ನಾನು, ನಾನು ಹೇಳ್ತೀನಿ ಅಂತ ನೀವು.”

“ಬರೀತೀನಿ. ನಿಮ್ಮ ಹೆಸರು ಬರೀಬಹುದಾ?” ಎಂದೆ.

“ಬರೀರಿ. ಗುಂಡು ಇತ್ತು, ಬಾಗ್ಲು ತೆಗ್ದಿತ್ತು ಅಂತ ಮೊದ್ಲು ಬರೀರಿ. ಉಳಿದಿದ್ದು ಆಮ್ಯಾಕೆ.”

ಆದ್ದರಿಂದ ಬರೆಯುತ್ತಿದ್ದೇನೆ. ಗುಂಡು ಇತ್ತು. ಬಾಗಿಲು ತೆರೆದಿತ್ತು. ಮೇಸ್ತ್ರಿ ಮರೆತಿರಲಿಲ್ಲ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಚಿಲಕ ಹಾಕಿದವನು ನಾನು, ನೋಡಿದವರು ತಿಪ್ಪೇಸ್ವಾಮಿ. ತಾಳ್ಯದಲ್ಲಿ ಅವರು ಈಗಲೂ ಗಟ್ಟಿಯಾಗಿದ್ದಾರೆ. ಯಾರು ಹೋಗಿ ಕೇಳಿದರೂ ಹೇಳುತ್ತಾರೆ.